ಫಾರ್ಮು ಮಾಡುವ ಹುಡುಗನಿಗೆ ಮೌಶಿಯ ಕಿವಿಮಾತು

ತಮ್ಮಾ,

ಶಾಲಾ ಪ್ರವೇಶದ ಫಾರ್ಮಿನಲ್ಲಿ ತಂದೆತಾಯಿ ಒಮ್ಮೆ ತುಂಬಿದ್ದನ್ನೇ ಮತ್ತೆ ಮತ್ತೆ ತುಂಬುವ ಕಷ್ಟ ಬೇಡ, ಅದನ್ನು ಬ್ರೌಸರ್‌ನಲ್ಲೇ ಉಳಿಸಿಡುತ್ತೇನೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ಕರ್ವೆ ರಸ್ತೆಯ ಆ ಪುಟ್ಟ ಆಫೀಸಿನಲ್ಲಿ ನೀನೊಬ್ಬನೇ ಹೊತ್ತು ಮಾಡುತ್ತಿರುವ ಮೊದಲ ಕೆಲಸ ಇದು. “ಎರಡು ಸಾಲಿನ ಕೋಡು ಮೌಶಿ, ಒಂದು ಇಡೋದಕ್ಕ, ಒಂದು ತೆಗಿಯೋದಕ್ಕ” ಅಂದಿ. ಇಡುವುದಕ್ಕೂ ತೆಗೆಯುವುದಕ್ಕೂ ಒಂದೊಂದೇ ಸಾಲು ಸಾಕು, ನಿಜ. ಆದರೆ ಏನನ್ನು ಇಡಬೇಕು, ಎಷ್ಟು ದಿನ ಇಡಬೇಕು, ಅದು ಯಾರ ಕಣ್ಣಿಗೆ ಬೀಳಬಾರದು ಎಂಬುದು ಆ ಸಾಲುಗಳಲ್ಲಿ ಇಲ್ಲ. ಅದನ್ನು ನೀನೇ ತೀರ್ಮಾನಿಸಬೇಕು.

ನಿವೃತ್ತಿಯಾದ ಮೇಲೂ ನನ್ನ ಕೈ ಫಾರ್ಮು ಬಿಟ್ಟಿಲ್ಲ. ಪುಣೆಯ ಕೋಥರೂಡದ ಈ ಡಹಾಣೂಕರ ಕಾಲನಿಯಲ್ಲಿ ನವೆಂಬರ್ ಬಂತೆಂದರೆ ಪಿಂಚಣಿದಾರರ ಜೀವನ್ ಪ್ರಮಾಣ. ಸ್ವಂತ ವಾಸದ ಮನೆಗೆ ಆಸ್ತಿ ತೆರಿಗೆಯಲ್ಲಿ ಸಿಗುವ 40% ರಿಯಾಯಿತಿಗೆ ಮಹಾನಗರಪಾಲಿಕೆಯ ಪಿಟಿ-3 ಅರ್ಜಿ. ಬೆಳಗಾವಿ, ಹುಬ್ಬಳ್ಳಿಗೆ ಹೋಗುವವರ ರೈಲು ಟಿಕೆಟ್, ಮೊಮ್ಮಕ್ಕಳನ್ನು ನೋಡಲು ಹೊರಟವರ ಪಾಸ್‌ಪೋರ್ಟ್. ಅಕ್ಕಪಕ್ಕದವರು ಬಂದು ಕೂಡುತ್ತಾರೆ, ತುಂಬುತ್ತೇವೆ. ಫಾರ್ಮು ಕಟ್ಟುವವರಿಗೆ ಕಾಣದ್ದು ಫಾರ್ಮು ತುಂಬುವ ಕಡೆ ಕೂತವರಿಗೆ ಕಾಣುತ್ತದೆ. ಹಾಗೆ ಕಂಡದ್ದನ್ನೂ, ಕೆಲಸದಲ್ಲಿ ಕಲಿತದ್ದನ್ನೂ ಕೂಡಿಸಿ ಬರೆದಿದ್ದೇನೆ. ಒಟ್ಟು ಮಾತು ಇಷ್ಟೇ: ಜನ ಬರೆದದ್ದು ಅವರ ಇಚ್ಛೆಯಿಲ್ಲದೆ ಅಳಿಯಬಾರದು, ಅವರ ಇಚ್ಛೆಯಿಲ್ಲದೆ ಉಳಿಯಲೂಬಾರದು.

• ಫಾರ್ಮು ತುಂಬುವವರು ನಿನ್ನ ಹಾಗೆ ದೊಡ್ಡ ಪರದೆಯ ಮುಂದೆ ಕೂತಿರುವುದಿಲ್ಲ. ವನಾಝ್‌ನಲ್ಲಿ ಮೆಟ್ರೊ ಹತ್ತಿದ ತಾಯಿ ಫೋನಿನಲ್ಲಿ ಅರ್ಧ ಫಾರ್ಮು ತುಂಬಿರುತ್ತಾಳೆ. ನಳ ಸ್ಟಾಪ್ ಬರುವಷ್ಟರಲ್ಲಿ ಆಫೀಸಿನ ಕರೆ ಬರುತ್ತದೆ, ಅದು ಮುಗಿದರೆ ವಾಟ್ಸ್ಯಾಪ್, ಆಮೇಲೆ ಮಗಳ ಆಧಾರ್ ಕಾರ್ಡಿನ ಫೋಟೊ ಹುಡುಕಲು ಗ್ಯಾಲರಿ. ತಿರುಗಿ ಬಂದು ನೋಡಿದರೆ ಪುಟ ಮೊದಲಿನಿಂದ ಲೋಡ್ ಆಗುತ್ತಿದೆ, ತುಂಬಿದ್ದೆಲ್ಲ ಖಾಲಿ. ಅವಳು ಏನೂ ತಪ್ಪು ಮಾಡಿಲ್ಲ. ಮೆಮೊರಿ ಸಾಲದಾದಾಗ ಫೋನು ಹಿಂದೆ ಸರಿದ ಟ್ಯಾಬನ್ನು ಕೈಬಿಡುತ್ತದೆ, ಕಡಿಮೆ ಬೆಲೆಯ ಫೋನಿನಲ್ಲಿ ಇದು ದಿನನಿತ್ಯದ ಸಂಗತಿ. ನೀನು ಉಳಿಸಿಡಬೇಕಾದದ್ದು ಮೊದಲು ಈ ತಾಯಿಗಾಗಿ. ಮುಂದಿನ ವರ್ಷ ಮತ್ತೆ ಬರುವವರ ಸುಖ ಎರಡನೆಯದು.

• ಬ್ರೌಸರ್ ತಾನೇ ಮಾಡುವ ಕೆಲಸವನ್ನು ನೀನು ಮೈಮೇಲೆ ಎಳೆದುಕೊಳ್ಳಬೇಡ. ಹೆಸರು, ಫೋನು, ವಿಳಾಸ, ಪಿನ್‌ಕೋಡು ಇವನ್ನೆಲ್ಲ ಬ್ರೌಸರ್ ಆಗಲೇ ನೆನಪಿಟ್ಟಿರುತ್ತದೆ. ಯಾವ ಪೆಟ್ಟಿಗೆ ಯಾವುದಕ್ಕೆ ಎಂದು ಅದಕ್ಕೆ ತಿಳಿಯಬೇಕು ಅಷ್ಟೇ. ಅದನ್ನು ತಿಳಿಸುವುದಕ್ಕೆಂದೇ ಆಟೋಕಂಪ್ಲೀಟ್ ಎಂಬ ಗುಣವಿದೆ, ಅದಕ್ಕೆ ಕೊಡಬೇಕಾದ ಹೆಸರುಗಳ ಪಟ್ಟಿ ಎಚ್‌ಟಿಎಂಎಲ್ ನಿಯಮದಲ್ಲೇ ಇದೆ: ಗಿವನ್-ನೇಮ್, ಫ್ಯಾಮಿಲಿ-ನೇಮ್, ಸ್ಟ್ರೀಟ್-ಅಡ್ರೆಸ್, ಪೋಸ್ಟಲ್-ಕೋಡ್, ಟೆಲ್. ಕೈ ನಡುಗುವವರು, ಕಣ್ಣು ಮಂದವಾದವರು, ಅಕ್ಷರ ಹಿಂದುಮುಂದಾಗುವವರು ಇವರಿಗೆಲ್ಲ ಇದು ದೊಡ್ಡ ಉಪಕಾರ. ಜಾಲತಾಣ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ, 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1, ಇದನ್ನು ಒಂದು ನಿಯಮವಾಗಿಯೇ ಸೇರಿಸಿತು. ಇದನ್ನು ಮೊದಲು ಸರಿಯಾಗಿ ಮಾಡು. ಆಮೇಲೆ ಏನು ಉಳಿಯುತ್ತದೋ ಅಷ್ಟಕ್ಕೆ ಮಾತ್ರ ನಿನ್ನ ಸ್ಟೋರೇಜು.

• ಎಲ್ಲಿ ಇಡಬೇಕು ಎಂಬುದು ಎಷ್ಟು ಹೊತ್ತು ಇರಬೇಕು ಎಂಬುದರ ಮೇಲೆ ನಿಂತಿದೆ. ಸೆಷನ್‌ಸ್ಟೋರೇಜ್ ಸ್ಲೇಟಿನ ಹಾಗೆ: ಪುಟ ರೀಲೋಡ್ ಆದರೂ ಇರುತ್ತದೆ, ಟ್ಯಾಬು ಮುಚ್ಚಿದರೆ ಹೋಗುತ್ತದೆ. ಲೋಕಲ್‌ಸ್ಟೋರೇಜ್ ಬ್ರೌಸರ್ ಮುಚ್ಚಿದರೂ, ಯಂತ್ರ ಆರಿಸಿದರೂ ಇರುತ್ತದೆ. ಎರಡರಲ್ಲೂ ಒಂದು ತಾಣಕ್ಕೆ ಸುಮಾರು 5 ಎಂಬಿ ಜಾಗ, ಫಾರ್ಮಿಗೆ ಅದು ಧಾರಾಳ. ಕುಕೀ ಬೇಡ. ನೆಟ್‌ಸ್ಕೇಪಿನ ಲೂ ಮೊಂಟುಲ್ಲಿ 1994ರಲ್ಲಿ ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಒಂದರಲ್ಲಿ 4 ಕೆಬಿಯಷ್ಟೇ ಹಿಡಿಸುತ್ತದೆ, ಮೇಲಾಗಿ ಪ್ರತಿ ಕೋರಿಕೆಯ ಜೊತೆ ಸರ್ವರ್‌ಗೆ ಹೋಗಿಬರುತ್ತದೆ. ಮಗುವಿನ ಹುಟ್ಟಿದ ದಿನವನ್ನು ಹಾಗೆ ತಿರುಗಾಡಿಸುವುದು ಬೇಡ. ಇಂಡೆಕ್ಸ್ಡ್‌ಡಿಬಿ ದೊಡ್ಡ ಸಾಮಾನಿಗೆ, ನಿನ್ನ ಈ ಫಾರ್ಮಿಗೆ ಬೇಕಾಗಿಲ್ಲ.

• ಲೋಕಲ್‌ಸ್ಟೋರೇಜ್, ಸೆಷನ್‌ಸ್ಟೋರೇಜ್ ಎರಡರಲ್ಲೂ ಕೂಡುವುದು ಬರೀ ಅಕ್ಷರಗಳ ಸಾಲು. ಫಾರ್ಮನ್ನು ಒಂದು ಆಬ್ಜೆಕ್ಟ್ ಮಾಡಿ ಜೇಸನ್ ಆಗಿ ಇಡು, ತೆಗೆಯುವಾಗ ಪಾರ್ಸ್ ಮಾಡು, ಎರಡೂ ಕಡೆ ಟ್ರೈ-ಕ್ಯಾಚ್ ಹಾಕು. ಜಾಗ ತುಂಬಿರಬಹುದು, ಸ್ಟೋರೇಜನ್ನೇ ಯಾರಾದರೂ ಬಂದ್ ಮಾಡಿರಬಹುದು, ಹಳೆಯ ಐಫೋನುಗಳಲ್ಲಿ ಪ್ರೈವೇಟ್ ಕಿಟಕಿಯಲ್ಲಿ ಇಡಲು ಹೋದರೆ ಎರರ್ ಬರುತ್ತಿತ್ತು. ಉಳಿಸಲಾಗದಿದ್ದರೆ ಫಾರ್ಮು ಉಳಿಸದೆಯೇ ನಡೆಯಬೇಕು, ನಿಲ್ಲಬಾರದು.

• ಒಂದೊಂದು ಕೀಲಿ ಒತ್ತಿದಾಗಲೂ ಬರೆಯಬೇಡ. ಲೋಕಲ್‌ಸ್ಟೋರೇಜ್ ಬರೆಯುವಷ್ಟು ಹೊತ್ತು ಪುಟ ಕಾಯುತ್ತದೆ, ಸೋವಿ ಫೋನಿನಲ್ಲಿ ಅಕ್ಷರ ತಡವರಿಸುತ್ತದೆ. ಬೆರಳು ನಿಂತು ಅರ್ಧ ಸೆಕೆಂಡು ಆದ ಮೇಲೆ ಬರೆ. ಜೊತೆಗೆ ವಿಸಿಬಿಲಿಟಿಚೇಂಜ್ ಘಟನೆ ಹಿಡಿದು, ಪುಟ ಮರೆಯಾಗುವ ಕ್ಷಣದಲ್ಲಿ ಇನ್ನೊಮ್ಮೆ ಬರೆ. ಬಿಫೋರ್‌ಅನ್‌ಲೋಡ್ ನೆಚ್ಚಿ ಕೂಡಬೇಡ, ಫೋನಿನಲ್ಲಿ ಅದು ಎಷ್ಟೋ ಸಲ ಬರುವುದೇ ಇಲ್ಲ. ಆ ಮೆಟ್ರೊದ ತಾಯಿಗೆ ಕರೆ ಬಂದಾಗ ನಿನ್ನ ಕೈಗೆ ಸಿಗುವುದು ಆ ಒಂದು ಕ್ಷಣ.

• ಕನ್ನಡದಲ್ಲಿ ತುಂಬುವವರನ್ನು ಮರೆಯಬೇಡ. ಈ ಮಾತನ್ನು ಸ್ವಲ್ಪ ನಿಧಾನವಾಗಿ ಓದು, ಬೇರೆ ಯಾರೂ ನಿನಗೆ ಹೇಳುವುದಿಲ್ಲ.

ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವವರಿಗೆ ಪದ ಒಮ್ಮೆಲೇ ಬರುವುದಿಲ್ಲ. ಅಡಿಗೆರೆ ಎಳೆದುಕೊಂಡು ಅರೆಬರೆಯಾಗಿ ನಿಂತಿರುತ್ತದೆ, ಆರಿಸಿದ ಮೇಲೆ ಗಟ್ಟಿಯಾಗುತ್ತದೆ. ಆ ನಡುವೆ ನಿನ್ನ ಕೋಡು ಪೆಟ್ಟಿಗೆಯ ಬೆಲೆಯನ್ನು ಮುಟ್ಟಿದರೆ ಪದ ಒಡೆದುಹೋಗುತ್ತದೆ, ಇಲ್ಲವೇ ಎರಡೆರಡು ಸಲ ಬೀಳುತ್ತದೆ. ಕಾಂಪೊಸಿಷನ್‌ಎಂಡ್ ಬರುವವರೆಗೂ ಕಾಯಿ.

ಇನ್ನು ನಮ್ಮ ಊರಿನ ಹೆಸರನ್ನೇ ತೆಗೆದುಕೋ, ಕೋಥರೂಡ. ಅದರ ಮೊದಲ ಅಕ್ಷರ ‘ಕೋ’ ಯುನಿಕೋಡಿನಲ್ಲಿ ಎರಡು ಬಗೆಯಾಗಿ ಕೂಡಬಹುದು. ಒಂದು: ‘ಕ’ ಮತ್ತು ಅದರ ಓತ್ವ, ಒಟ್ಟು ಎರಡು ಸಂಕೇತ. ಇನ್ನೊಂದು: ‘ಕ’, ಎತ್ವ, ಊತ್ವ, ಕೊನೆಗೆ ದೀರ್ಘದ ಗುರುತು, ಒಟ್ಟು ನಾಲ್ಕು ಸಂಕೇತ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಯಂತ್ರಕ್ಕೆ ಅವು ಬೇರೆ ಬೇರೆ ಪದ. ಹಿಂದೆ ತುಂಬಿದ್ದನ್ನು ಪಟ್ಟಿಯಾಗಿ ತೋರಿಸಲು ಹೋದೆ ಅಂದರೆ ‘ಕೋಥರೂಡ’ ಎರಡು ಸಲ ಕಾಣಿಸುತ್ತದೆ, ಯಾವುದನ್ನು ಒತ್ತಬೇಕೆಂದು ಜನ ಗಲಿಬಿಲಿಗೊಳ್ಳುತ್ತಾರೆ. ಇಡುವ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡು, ಎರಡೂ ಒಂದಾಗುತ್ತವೆ. ನಾರ್ಮಲೈಸ್ ಎಂಬ ಒಂದೇ ಕರೆ ಸಾಕು, ಜಾವಾಸ್ಕ್ರಿಪ್ಟಿನಲ್ಲೇ ಇದೆ.

ಅದೇ ಉತ್ಸಾಹದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಗುಡಿಸಿ ಹಾಕಬೇಡ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಜಂಟಿಯಾಗದಂತೆ ತಡೆಯುವ ಒಂದು ಕಾಣದ ಸಂಕೇತವಿದೆ. ಅದನ್ನು ತೆಗೆದರೆ ‘ಕು’ ಹೋಗಿ ‘ಜ’ದ ಕೆಳಗೆ ಒತ್ತಾಗಿ ಕೂತು ಹೆಸರಿನ ರೂಪವೇ ಕೆಡುತ್ತದೆ. ಅವರ ಹೆಸರು ಅವರು ಬರೆದ ಹಾಗೆ ಇರಬೇಕು.

ಅಂಕಿಗಳ ಮಾತೂ ಇದೆ. ಪಿನ್‌ಕೋಡನ್ನು ಒಬ್ಬರು 411038 ಎಂದು ಹಾಕುತ್ತಾರೆ, ಇನ್ನೊಬ್ಬರು ೪೧೧೦೩೮ ಎಂದು, ಮರಾಠಿ ಶಾಲೆಯಲ್ಲಿ ಓದಿದವರು ದೇವನಾಗರಿ ಅಂಕಿಯಲ್ಲಿ. ಮೂರನ್ನೂ ತೆಗೆದುಕೊಂಡು ಕಳಿಸುವಾಗ ಒಂದಾಗಿ ಮಾಡು. ‘ತಪ್ಪು ಪಿನ್‌ಕೋಡ್’ ಎಂದು ಕೆಂಪು ಅಕ್ಷರದಲ್ಲಿ ಬೈಯಬೇಡ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿಟ್ಟ ವಿಳಾಸವನ್ನು ತಂದು ಅಂಟಿಸಿದರೆ ವಿಚಿತ್ರ ರೋಮನ್ ಅಕ್ಷರಗಳು ಬೀಳುತ್ತವೆ. ಅದನ್ನು ಉಳಿಸಿಟ್ಟು ಮುಂದಿನ ಸಲವೂ ಎದುರಿಗೆ ಹಿಡಿಯುವ ಬದಲು, ಯುನಿಕೋಡಿಗೆ ಬದಲಿಸಿ ಹಾಕಿರಿ ಎಂದು ಆಗಲೇ ತಿಳಿಸು.

• ಹೆಸರಿನ ಪೆಟ್ಟಿಗೆಗಳನ್ನು ಮೂರು ಮಾಡಿ ಮೂರನ್ನೂ ಕಡ್ಡಾಯ ಮಾಡಬೇಡ. ಮಹಾರಾಷ್ಟ್ರದ ರೂಢಿ ನಿನಗೆ ಗೊತ್ತು: ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಆಡನಾವ ಅಂದರೆ ಮನೆತನದ ಹೆಸರು. ನಮ್ಮ ಧಾರವಾಡ, ವಿಜಯಪುರದ ಕಡೆಯವರು, ಕುಲಕರ್ಣಿ, ಪಾಟೀಲ, ದೇಸಾಯಿ ಎನ್ನುವವರು, ಇದಕ್ಕೆ ಸಲೀಸಾಗಿ ಹೊಂದಿಕೊಳ್ಳುತ್ತಾರೆ. ಮೈಸೂರು, ಹಾಸನದಿಂದ ಬಂದವರ ಪಾಡು ಬೇರೆ. ಅವರ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಇನಿಷಿಯಲ್, ಆಡನಾವ ಎಂಬುದೇ ಇಲ್ಲ. ಗಣೇಶನಗರದಲ್ಲಿ ಕನ್ನಡ ಸಂಘದ ಕಾವೇರಿ ಕಾಲೇಜಿನ ಸುತ್ತಮುತ್ತ ವಿಚಾರಿಸು, ಎರಡೂ ಬಗೆಯ ಹೆಸರಿನವರು ಸಿಗುತ್ತಾರೆ.

ಕೊನೆಯ ಪೆಟ್ಟಿಗೆ ಖಾಲಿ ಬಿಡಲು ಆಗದಿದ್ದಾಗ ಅವರು ಏನು ಮಾಡುತ್ತಾರೆ ಅಂದರೆ, ತಮ್ಮ ಹೆಸರನ್ನೇ ಇನ್ನೊಮ್ಮೆ ಬರೆಯುತ್ತಾರೆ, ಇಲ್ಲವೇ ಒಂದು ಚುಕ್ಕಿ ಇಡುತ್ತಾರೆ. ಒಂದೇ ಸಲದ ಮಾತಾಗಿದ್ದರೆ ಹೇಗೋ ಆಗುತ್ತಿತ್ತು. ನೀನು ಆ ಚುಕ್ಕಿಯನ್ನು ಉಳಿಸಿಡುತ್ತೀ, ಮುಂದಿನ ವರ್ಷ ತಾನಾಗಿ ತುಂಬಿಕೊಡುತ್ತೀ, ಅವರು ನೋಡದೆ ಸಲ್ಲಿಸುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಹತ್ತನೆಯ ತರಗತಿಯ ಅಂಕಪಟ್ಟಿ ಬರುವ ಹೊತ್ತಿಗೆ ಮೂರನೆಯದು. ಆ ಹುಡುಗನ ತಂದೆ ಅಫಿಡವಿಟ್ ಹಿಡಿದು ಅಲೆಯುತ್ತಾನೆ. ಉಳಿಸಿಡುವ ಸೌಕರ್ಯ ಸರಿಯನ್ನು ಎಷ್ಟು ಸುಲಭವಾಗಿ ಮುಂದೆ ಒಯ್ಯುತ್ತದೋ ತಪ್ಪನ್ನೂ ಅಷ್ಟೇ ಸುಲಭವಾಗಿ ಒಯ್ಯುತ್ತದೆ. ಪೂರ್ಣ ಹೆಸರಿಗೆ ಒಂದೇ ಪೆಟ್ಟಿಗೆ ಕೊಡು, ‘ದಾಖಲೆಯಲ್ಲಿ ಇದ್ದಂತೆ’ ಎಂದು ಕೆಳಗೆ ಬರೆ. ಶಾಲೆಯವರು ಮೂರೇ ಬೇಕೆಂದು ಹಟ ಹಿಡಿದರೆ ಮೊದಲನೆಯದನ್ನು ಮಾತ್ರ ಕಡ್ಡಾಯ ಮಾಡು.

• ವಿಳಾಸಕ್ಕೆ ಜಾಗ ಉದಾರವಾಗಿ ಬಿಡು. ಫ್ಲ್ಯಾಟು, ವಿಂಗು, ಸೊಸೈಟಿ, ಲೇನು, ಕರ್ವೆ ಪುತಳಿಯ ಹತ್ತಿರವೋ ಗಾಂಧಿ ಭವನದ ಹಿಂದೆಯೋ ಎಂಬ ಗುರುತು, ಇಷ್ಟಿಲ್ಲದೆ ಇಲ್ಲಿ ಮನೆ ಸಿಗುವುದಿಲ್ಲ. ಕೋಥರೂಡ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೆಲವರು ಒಂದು ಯು ಹಾಕಿ ಬರೆಯುತ್ತಾರೆ, ಕೆಲವರು ಎರಡು ಓ ಹಾಕಿ. ತಿದ್ದಲು ಹೋಗಬೇಡ. ಪಿನ್‌ಕೋಡ್ ಸರಿ ಇದ್ದರೆ ಕಾಗದ ಬರುತ್ತದೆ.

• ಒಂದು ಮನೆಯಲ್ಲಿ ಇಬ್ಬರು ಮಕ್ಕಳಿರುತ್ತಾರೆ ಎಂಬುದನ್ನು ನೆನಪಿಡು. ಅಕ್ಕನದೊಂದು, ತಮ್ಮನದೊಂದು ಅಂತ ತಾಯಿ ಎರಡು ಟ್ಯಾಬು ತೆರೆದು ಕೂಡುತ್ತಾಳೆ. ಎರಡಕ್ಕೂ ನೀನು ಸ್ಟೋರೇಜಿನಲ್ಲಿ ಒಂದೇ ಕೀಲಿ ಇಟ್ಟಿದ್ದರೆ ತಮ್ಮನ ಹೆಸರು ಬಂದು ಅಕ್ಕನ ಹೆಸರನ್ನು ಅಳಿಸುತ್ತದೆ, ಕೊನೆಗೆ ಇಬ್ಬರ ಹುಟ್ಟಿದ ದಿನವೂ ಒಂದೇ. ಪ್ರತಿ ಕರಡಿಗೂ ಹುಟ್ಟುವಾಗಲೇ ಬೇರೆ ಗುರುತು ಕೊಡು, ಕೀಲಿಯಲ್ಲಿ ಅದನ್ನು ಸೇರಿಸು. ಆ ಗುರುತನ್ನು ಆಯಾ ಟ್ಯಾಬಿನ ಸೆಷನ್‌ಸ್ಟೋರೇಜಿನಲ್ಲಿ ಇಟ್ಟುಕೊಂಡರೆ ಯಾವ ಟ್ಯಾಬು ಯಾವ ಮಗುವಿನದು ಎಂಬುದು ತಪ್ಪುವುದಿಲ್ಲ.

ಇದೇ ತಾಯಿಗೆ ನೀನು ನಿಜವಾದ ನೆರವು ಮಾಡುವುದೂ ಇಲ್ಲಿಯೇ. ಫಾರ್ಮನ್ನು ಎರಡು ಭಾಗವಾಗಿ ನೋಡು: ಮಗುವಿನದು, ಮನೆಯದು. ತಂದೆತಾಯಿಯ ಹೆಸರು, ವಿಳಾಸ, ಫೋನು ಇವು ಮನೆಯವು. ಇವನ್ನು ಅಕ್ಕನ ಫಾರ್ಮಿನಿಂದ ತಮ್ಮನ ಫಾರ್ಮಿಗೆ ತರಬಹುದು. ಹೆಸರು, ಹುಟ್ಟಿದ ದಿನ, ತರಗತಿ, ರಕ್ತದ ಗುಂಪು ಮಗುವಿನವು. ಇವನ್ನು ಒಂದರಿಂದ ಇನ್ನೊಂದಕ್ಕೆ ಎಂದೂ ಒಯ್ಯಬೇಡ. ರಕ್ತದ ಗುಂಪು ತಪ್ಪಿದರೆ ಏನಾದೀತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

• ಒಂದೇ ಫಾರ್ಮಿನೊಳಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಡ. ಸದ್ಯದ ವಿಳಾಸ, ಕಾಯಂ ವಿಳಾಸ, ಪೋಷಕರ ವಿಳಾಸ ಮೂರೂ ಒಂದೇ ಆಗಿದ್ದರೆ ‘ಮೇಲಿನದೇ’ ಎಂದು ಒಂದು ಗುರುತು ಹಾಕಿದರೆ ಮುಗಿಯಬೇಕು. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2ರಲ್ಲಿ ಇದಕ್ಕೇ ಒಂದು ಹೊಸ ನಿಯಮವಿದೆ, ಅದೂ ಎಲ್ಲಕ್ಕಿಂತ ಕೆಳಗಿನ ಮಟ್ಟದಲ್ಲಿ, ಅಂದರೆ ಇಷ್ಟಾದರೂ ಇರಲೇಬೇಕು ಎನ್ನುವ ಸಾಲಿನಲ್ಲಿ.

• ಉಳಿಸಿದ್ದನ್ನು ಸದ್ದಿಲ್ಲದೆ ತುಂಬಬೇಡ, ಕೇಳಿ ತುಂಬು. “ಮಂಗಳವಾರ ಸಂಜೆ ನೀವು ಅರ್ಧ ತುಂಬಿದ ಫಾರ್ಮು ಇದೆ. ಮುಂದುವರಿಸುತ್ತೀರಾ, ಹೊಸದಾಗಿ ಶುರುಮಾಡುತ್ತೀರಾ?” ಎಂದು ಕನ್ನಡ, ಮರಾಠಿ ಎರಡರಲ್ಲೂ ಕೇಳು. ಎರಡು ಗುಂಡಿಯೂ ಒಂದೇ ಅಳತೆಯವಾಗಿರಲಿ. ಹೊಸದಾಗಿ ಎಂದವರ ಹಳೆಯ ಕರಡನ್ನು ಆಗಲೇ ಅಳಿಸು. ತಾನಾಗಿ ತುಂಬಿದ ಪೆಟ್ಟಿಗೆಗಳ ಬಣ್ಣ ತುಸು ಬೇರೆ ಇರಲಿ, ಇದು ನಾನು ಈಗ ಬರೆದದ್ದಲ್ಲ ಎಂದು ನೋಡಿದವರಿಗೆ ತಿಳಿಯಬೇಕು.

• ಈಗ ನನಗೆ ಬಹಳ ಕಳವಳದ ಮಾತು. ಎಲ್ಲರ ಮನೆಯಲ್ಲೂ ಕಂಪ್ಯೂಟರ್ ಇಲ್ಲ, ಫೋನಿನಲ್ಲಿ ತುಂಬಲು ಎಲ್ಲರಿಗೂ ಬರುವುದಿಲ್ಲ. ಅವರು ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಪೌಡ ರಸ್ತೆಯ ಬದಿಯ ಅಂಥ ಒಂದು ಅಂಗಡಿಯಲ್ಲಿ ನಮ್ಮ ಮೇಲಿನ ಮನೆಯ ಅಜ್ಜನ ಜೊತೆ ನಾನು ನಿಂತಿದ್ದೆ. ಹುಡುಗ ಮೊಬೈಲ್ ನಂಬರಿನ ಪೆಟ್ಟಿಗೆಯಲ್ಲಿ 9 ಎಂದು ಒತ್ತಿದ. ಅಷ್ಟಕ್ಕೇ ಕೆಳಗೆ ಪಟ್ಟಿ ಇಳಿಯಿತು, ಯಾರ್ಯಾರದೋ ಹತ್ತು ಅಂಕಿಗಳು ಸಾಲಾಗಿ. ಆಧಾರ್ ಪೆಟ್ಟಿಗೆಗೆ ಹೋದ, ಅಲ್ಲೂ ಹಾಗೆಯೇ, ಹನ್ನೆರಡು ಅಂಕಿಗಳ ಸಾಲು. ಅಜ್ಜ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಇವೆಲ್ಲಾ ಯಾರವು?” ಎಂದು ಕೇಳಿದರು. ಹುಡುಗ ಮೌಸಿನಿಂದ ಅವನ್ನು ದಾಟಿಸಿ ಮುಂದೆ ಹೋದ. ಅವನಿಗೆ ಅದು ದಿನವೂ ಕಾಣುವ ಪಟ್ಟಿ. ಅಜ್ಜನ ನಂಬರು ಅಂದಿನಿಂದ ಆ ಪಟ್ಟಿಯ ಕೊನೆಯಲ್ಲಿ ಸೇರಿತು.

ಅದು ಬ್ರೌಸರ್ ತಾನಾಗಿ ಇಟ್ಟುಕೊಂಡ ನೆನಪು. ನೀನು ಲೋಕಲ್‌ಸ್ಟೋರೇಜಿನಲ್ಲಿ ಇಟ್ಟರೂ ಆ ಯಂತ್ರದ ಮೇಲೆ ಆಗುವುದು ಇದೇ. ಹಾಗಾಗಿ ಕೇಳದೆ ಏನನ್ನೂ ದೀರ್ಘಕಾಲಕ್ಕೆ ಇಡಬೇಡ. ಫಾರ್ಮಿನ ಮೇಲ್ಭಾಗದಲ್ಲಿ ಒಂದು ಚೌಕ ಇಡು: ‘ಇದು ನನ್ನ ಸ್ವಂತ ಫೋನು ಅಥವಾ ಕಂಪ್ಯೂಟರ್, ನಾನು ತುಂಬಿದ್ದನ್ನು ಇಲ್ಲಿ ಉಳಿಸಿಡಿ.’ ಮೊದಲಿಗೆ ಅದು ಖಾಲಿ ಇರಲಿ. ಗುರುತು ಹಾಕದಿದ್ದರೆ ಸೆಷನ್‌ಸ್ಟೋರೇಜ್ ಮಾತ್ರ, ಟ್ಯಾಬು ಮುಚ್ಚಿದೊಡನೆ ಹೋಗುವಂತೆ. ಆಧಾರ್ ಪೆಟ್ಟಿಗೆಗೆ ಆಟೋಕಂಪ್ಲೀಟ್ ಆಫ್ ಹಾಕು. ‘ಈ ಯಂತ್ರದಿಂದ ನನ್ನ ಮಾಹಿತಿ ಅಳಿಸಿ’ ಎಂಬ ಗುಂಡಿಯನ್ನು ಯಾವುದೋ ಸೆಟ್ಟಿಂಗ್ಸಿನ ಒಳಗೆ ಬಚ್ಚಿಡಬೇಡ, ಫಾರ್ಮು ಸಲ್ಲಿಸಿದ ಮೇಲೆ ಬರುವ ಪುಟದಲ್ಲೇ, ರಸೀದಿಯ ಪಕ್ಕದಲ್ಲಿ ಇಡು. ರಸೀದಿಯ ಪ್ರಿಂಟು ತೆಗೆದುಕೊಳ್ಳಲು ಹೇಗೂ ಎಲ್ಲರೂ ಅಲ್ಲಿ ನಿಲ್ಲುತ್ತಾರೆ.

• ಕೆಲವನ್ನು ಕೇಳಿಯೂ ಇಡಬಾರದು: ಪಾಸ್‌ವರ್ಡ್, ಒಟಿಪಿ, ಕಾರ್ಡಿನ ನಂಬರು, ಬ್ಯಾಂಕ್ ಖಾತೆ, ಪೂರ್ತಿ ಆಧಾರ್ ಸಂಖ್ಯೆ, ಮಗುವಿನ ಕಾಯಿಲೆಯ ವಿವರ, ಜಾತಿ, ಆದಾಯ. ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕೇ ಗೆರೆ ಎಳೆದಿದೆ, 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಗಿರಾಕಿಯ ಕಾರ್ಡಿನ ನಂಬರು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್. ಆಧಾರ್ ತೋರಿಸಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಸಾಕು. ಉಳಿಸುವ ಕೋಡಿನಲ್ಲಿ ‘ಇವನ್ನು ಬಿಟ್ಟು ಎಲ್ಲ’ ಎಂದು ಬರೆಯಬೇಡ, ‘ಇವಿಷ್ಟು ಮಾತ್ರ’ ಎಂದು ಬರೆ. ನಾಳೆ ಶಾಲೆಯವರು ಹೊಸದೊಂದು ಪೆಟ್ಟಿಗೆ ಸೇರಿಸಿದಾಗ ಅದು ತಾನಾಗಿ ಸ್ಟೋರೇಜಿಗೆ ಹೋಗದಂತೆ ಇದೊಂದೇ ಕಾಯುತ್ತದೆ.

• ಕಾನೂನೂ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಯಾವುದಕ್ಕೆ ಬೇಕೋ ಅದಕ್ಕಷ್ಟೇ, ಸ್ಪಷ್ಟವಾದ ಒಪ್ಪಿಗೆಯಿಂದ, ಬೇಕಾದಷ್ಟು ಕಾಲ ಮಾತ್ರ ಎಂಬುದು ಅದರ ತಿರುಳು. 18 ತುಂಬದವರನ್ನೆಲ್ಲ ಅದು ಮಕ್ಕಳೆಂದೇ ಎಣಿಸಿ ತಂದೆತಾಯಿಯ ಒಪ್ಪಿಗೆ ಕೇಳುತ್ತದೆ. ನಿನ್ನ ಫಾರ್ಮಿನ ತುಂಬ ಇರುವುದು ಮಕ್ಕಳ ಮಾಹಿತಿ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

• ಲೋಕಲ್‌ಸ್ಟೋರೇಜಿಗೆ ಬೀಗವಿಲ್ಲ. ಆ ತಾಣದ ಪುಟದಲ್ಲಿ ಓಡುವ ಯಾವ ಸ್ಕ್ರಿಪ್ಟಾದರೂ ಅದನ್ನು ಪೂರ್ತಿ ಓದಬಹುದು, ನೀನು ಬರೆದದ್ದಿರಲಿ, ಹೊರಗಿನಿಂದ ತಂದು ಜೋಡಿಸಿದ್ದಿರಲಿ. ಭೇಟಿಯ ಲೆಕ್ಕ ಇಡುವುದು, ಚಾಟಿನ ಗುಳ್ಳೆ, ಜಾಹೀರಾತಿನ ತುಣುಕು ಇವನ್ನೆಲ್ಲ ಫಾರ್ಮಿನ ಪುಟದಿಂದ ತೆಗೆಸು. ಸಾಹೇಬರು ಮುಖ ಸಿಂಡರಿಸಿದರೂ ತೆಗೆಸು. ಉಳಿಸಿದ್ದನ್ನು ಮರಳಿ ತೋರಿಸುವಾಗ ಪೆಟ್ಟಿಗೆಯ ಬೆಲೆಯಾಗಿ ಹಾಕು, ಎಚ್‌ಟಿಎಂಎಲ್ ಆಗಿ ಪುಟಕ್ಕೆ ಸುರಿಯಬೇಡ. ಸಂಕೇತೀಕರಿಸಿ ಇಡುತ್ತೇನೆ ಅನ್ನಬೇಡ, ಅದನ್ನು ತೆರೆಯುವ ಕೀಲಿಯೂ ಅದೇ ಪುಟದಲ್ಲೇ ಇರುತ್ತದೆ.

• ಕರಡನ್ನು ಅಳಿಸಬೇಕಾದ ಹೊತ್ತು ‘ಸಲ್ಲಿಸಿ’ ಒತ್ತಿದಾಗ ಅಲ್ಲ, ಸರ್ವರ್ ‘ಬಂತು’ ಎಂದು ಉತ್ತರಿಸಿದಾಗ. ನಡುವೆ ನೆಟ್ ಹೋದರೆ ಎರಡೂ ಕಡೆ ಇಲ್ಲದಂತಾಗುತ್ತದೆ. ಪ್ರವೇಶದ ಕೊನೆಯ ದಿನ ರಾತ್ರಿ ಹೀಗಾದರೆ ಆ ಮನೆಯವರ ಗತಿ ಏನು? ಪ್ರತಿ ಕರಡಿನ ಜೊತೆ ತಾರೀಖು ಮತ್ತು ಫಾರ್ಮಿನ ಆವೃತ್ತಿ ಸಂಖ್ಯೆ ಇಡು. ತೆಗೆಯುವಾಗ ತಾರೀಖು ಹಳೆಯದಾಗಿದ್ದರೆ ಅಳಿಸು, ಇಂತಿಷ್ಟು ದಿನ ಎಂದು ಲೋಕಲ್‌ಸ್ಟೋರೇಜ್ ತಾನಾಗಿ ಲೆಕ್ಕ ಇಡುವುದಿಲ್ಲ. ಆವೃತ್ತಿ ಬೇರೆಯಾಗಿದ್ದರೆ ಹೊಂದುವ ಪೆಟ್ಟಿಗೆಗಳನ್ನಷ್ಟೇ ತುಂಬಿ, ಉಳಿದವನ್ನು ಮತ್ತೆ ನೋಡಿ ಎಂದು ತಿಳಿಸು.

• ಶಾಶ್ವತ ಎಂದು ಯಾರಿಗೂ ಮಾತು ಕೊಡಬೇಡ. 2020ರಿಂದ ಆಪಲ್‌ನ ಸಫಾರಿ, ಏಳು ದಿನ ಬ್ರೌಸರ್ ಬಳಸಿಯೂ ಆ ತಾಣವನ್ನು ಮುಟ್ಟದೇ ಇದ್ದರೆ ಸ್ಕ್ರಿಪ್ಟು ಇಟ್ಟದ್ದನ್ನೆಲ್ಲ ಅಳಿಸಿಹಾಕುತ್ತದೆ. ಪ್ರೈವೇಟ್ ಕಿಟಕಿ ಮುಚ್ಚಿದರೆ ಎಲ್ಲ ಹೋಯಿತು. ತಾಣದ ವಿಳಾಸದಲ್ಲಿ ಮುಂದಿನ ಡಬ್ಲ್ಯು-ಡಬ್ಲ್ಯು-ಡಬ್ಲ್ಯು ತೆಗೆದರೂ ಬ್ರೌಸರಿಗೆ ಅದು ಬೇರೆ ತಾಣ, ಹಳೆಯದು ಕಾಣುವುದಿಲ್ಲ. ವರ್ಷಗಟ್ಟಲೆ ಉಳಿಯಬೇಕಾದದ್ದು ಸರ್ವರಿನಲ್ಲಿ, ಲಾಗಿನ್ ಹಿಂದೆ ಇರಬೇಕು. ರೈಲು ಟಿಕೆಟಿನ ಐಆರ್‌ಸಿಟಿಸಿ ಮಾಸ್ಟರ್ ಲಿಸ್ಟ್ ನೋಡು: ಮನೆಮಂದಿಯ ಹೆಸರು, ವಯಸ್ಸು ಒಮ್ಮೆ ಹಾಕಿಟ್ಟರೆ ಯಾವ ಫೋನಿನಿಂದ ತೆರೆದರೂ ಬರುತ್ತದೆ. ಬೆಳಿಗ್ಗೆ ತತ್ಕಾಲ್ ಕಿಟಕಿ ತೆರೆದಾಗ ನಾನು ನೆಚ್ಚುವುದು ಅದನ್ನೇ.

• ಫೋಟೊ, ಸಹಿ, ಜನನ ಪ್ರಮಾಣಪತ್ರದ ಕಡತಗಳನ್ನು ಹೀಗೆ ಉಳಿಸಿ ಮರಳಿ ತುಂಬಲು ಆಗುವುದಿಲ್ಲ. ಜನರ ಯಂತ್ರದ ಕಡತವನ್ನು ಸ್ಕ್ರಿಪ್ಟು ತಾನಾಗಿ ಆರಿಸಿಕೊಳ್ಳದಂತೆ ಬ್ರೌಸರೇ ತಡೆದಿದೆ, ತಡೆದದ್ದು ಒಳ್ಳೆಯದೇ. ಉಳಿದದ್ದೆಲ್ಲ ತುಂಬಿರುವಾಗ ಇದೊಂದು ಖಾಲಿ ಇದ್ದರೆ ಜನರ ಕಣ್ಣಿಗೆ ಬೀಳುವುದಿಲ್ಲ. ‘ಫೋಟೊ ಮತ್ತೆ ಆರಿಸಿ’ ಎಂದು ಎದ್ದು ಕಾಣುವಂತೆ ಬರೆ.

• ಬಿಡುಗಡೆ ಮಾಡುವ ಮೊದಲು ಹೀಗೆ ಪರೀಕ್ಷಿಸು. ಕಡಿಮೆ ಬೆಲೆಯ ಒಂದು ಫೋನು ತೆಗೆದುಕೋ. ಅರ್ಧ ಫಾರ್ಮು ಕನ್ನಡದಲ್ಲಿ ತುಂಬು, ಬೇರೆ ನಾಲ್ಕಾರು ಆ್ಯಪ್ ತೆರೆ, ತಿರುಗಿ ಬಾ. ಒಂದು ಪದದ ನಡುವೆಯೇ ಫೋನು ಆರಿಸು. ಎರಡು ಟ್ಯಾಬಿನಲ್ಲಿ ಇಬ್ಬರು ಮಕ್ಕಳದು ತುಂಬು. ಸಲ್ಲಿಸುವ ಹೊತ್ತಿಗೆ ಏರೋಪ್ಲೇನ್ ಮೋಡ್ ಹಾಕು. ಅಳಿಸುವ ಗುಂಡಿ ಒತ್ತಿ, ಡೆವಲಪರ್ ಟೂಲ್ಸಿನಲ್ಲಿ ಅಪ್ಲಿಕೇಷನ್ ಕಿಟಕಿ ತೆರೆದು, ನಿಜಕ್ಕೂ ಅಳಿದಿದೆಯೇ ಎಂದು ಕಣ್ಣಾರೆ ನೋಡು.

ಅದಾದ ಮೇಲೆ ಭಾನುವಾರ ಲ್ಯಾಪ್‌ಟಾಪು ಹಿಡಿದು ಮನೆಗೆ ಬಾ. ಮೊಮ್ಮಗಳ ಪ್ರವೇಶಕ್ಕೆ ಫಾರ್ಮು ತುಂಬಬೇಕೆಂದು ಪಕ್ಕದ ಮನೆಯ ಆಜಿ ಕಾಯುತ್ತಿದ್ದಾರೆ. ಅವರಿಗೆ ಪೊಳ್ಳು ಮಾಹಿತಿ ಕೊಟ್ಟು ತುಂಬಲು ಹೇಳೋಣ. ನೀನು ಪಕ್ಕದಲ್ಲಿ ಕೂತು, ಬಾಯಿ ಬಿಡದೆ, ಅವರ ಬೆರಳು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೋ.